ಮಂಗಳವಾರದ ತೊಂಬತ್ತೆಂಟು

ಉಪ್ಪಿಟ್ಟು ತಣ್ಣಗಾಗುತ್ತಿತ್ತು. "ತಿನ್ನಿ, ಇಲ್ಲಾ ತಟ್ಟೆ ಕೊಡಿ, ತೊಳೆದಾಕ್ತೀನಿ" ಎಂದು ಹೆಂಡತಿ ಯಶೋಧರಾ ಎರಡನೆಯ ಸಲ ಹೇಳಿದ ಮೇಲೆ ನಟರಾಜು ಒಂದು ತುತ್ತು ಬಾಯಿಗಿಟ್ಟ. ಅದು ಇಳಿಯಲಿಲ್ಲ. ಗಂಟಲಲ್ಲಿ ಏನಾದರೂ ಇಳಿಯದಿದ್ದರೆ ಈ ಕಾಲದಲ್ಲಿ ಮೊದಲು ಬರುವ ಭಯವೇ ಬೇರೆ. ಅವನು ಕಾಫಿ ಲೋಟವನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದ. ವಾಸನೆ ಇತ್ತು. ಕಾಯಿಲೆಯಲ್ಲ. ಕಾಯಿಲೆಯಾಗಿದ್ದರೆ ಎಷ್ಟೋ ವಾಸಿಯಿತ್ತು ಎಂದೂ ಅನಿಸಿತು. ಬಾಗಿಲು ಹಾಕಿಕೊಂಡು ಹದಿನಾಲ್ಕು ದಿನ ಮಲಗಬಹುದಿತ್ತು, ಯಾರಿಗೂ ಫೋನ್ ಮಾಡಬೇಕಿರಲಿಲ್ಲ, ಯಾರ ಉಸಿರನ್ನೂ ಕೇಳಬೇಕಿರಲಿಲ್ಲ. ನಿನ್ನೆ ಮಧ್ಯಾಹ್ನದಿಂದ ಕಿವಿಯಲ್ಲಿ ಒಂದು ಉಸಿರು ಕೂತುಬಿಟ್ಟಿತ್ತು. ತೂತು ಬಿದ್ದ ಟ್ಯೂಬಿಗೆ ಯಾರೋ ಹಟ ಹಿಡಿದು ಪಂಪು ಹೊಡೆಯುತ್ತಿರುವಂತೆ, ಬುಸ್ ಬುಸ್ ಎನ್ನುತ್ತ, ನಡುನಡುವೆ ಮಾತನ್ನು ತಡೆಯುತ್ತ. "ಏನಾಯ್ತು ಅಂತ ಬಾಯಿ ಬಿಟ್ಟಾದ್ರೂ ಏಳಿ" ಎಂದಳು ಯಶೋಧರಾ. "ಏನೂ ಇಲ್ಲ" ಎಂದ. ಅವಳು ತಟ್ಟೆ ಎತ್ತಿಕೊಂಡು ಹೋದಳು.

ಏಪ್ರಿಲ್ ಕೊನೆಯಿಂದ ಇದೇ ಕೆಲಸ. ಶಾಲೆ ಮುಚ್ಚಿತ್ತು. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತಿದ್ದ ಅವನನ್ನು, ಕೊರೋನಾ ತಗಲಿ ಮನೆಯಲ್ಲೇ ಉಳಿದವರಿಗೆ ದಿನಾ ಫೋನ್ ಮಾಡಿ ವಿಚಾರಿಸುವುದಕ್ಕೆ ಹಾಕಿದ್ದರು. ಅರಕಲಗೂಡಿನ ಒಂದು ಕೋಣೆಯಲ್ಲಿ ಎಂಟು ಜನ ಮೇಷ್ಟರು, ಒಬ್ಬೊಬ್ಬರ ಮುಂದೆ ನಲವತ್ತು ಹೆಸರಿನ ಪಟ್ಟಿ. ಕೇಳಬೇಕಾದ ಪ್ರಶ್ನೆಗಳನ್ನು ಅಚ್ಚು ಹಾಕಿಸಿ ಕೊಟ್ಟಿದ್ದರು: ಜ್ವರ ಇದೆಯೇ, ಕೆಮ್ಮು ಇದೆಯೇ, ಉಸಿರಾಟದ ತೊಂದರೆ ಇದೆಯೇ, ಆಕ್ಸಿಜನ್ ಮಟ್ಟ ಎಷ್ಟು. ಪ್ರತಿ ಕರೆಗೂ ಮೊದಲು ಒಂದು ಹೆಣ್ಣುದನಿ ಮುಖಗವಸಿನ ಬಗ್ಗೆ, ಅಂತರದ ಬಗ್ಗೆ ಬುದ್ಧಿ ಹೇಳುತ್ತಿತ್ತು. ಅದನ್ನು ದಿನಕ್ಕೆ ನಲವತ್ತು ಸಲ ಕೇಳಿದ ಮನುಷ್ಯನಿಗೆ ರೋಗಕ್ಕಿಂತ ಆ ಹೆಂಗಸಿನ ಮೇಲೆಯೇ ಸಿಟ್ಟು ಬರುತ್ತಿತ್ತು. ಆಮೇಲೆ ಜನ. "ಜ್ವರ ಐತಾ?" ಎಂದರೆ "ಇಲ್ಲ ಸಾ, ಮೈ ಕೆಂಡದಂಗೆ ಸುಡ್ತೈತೆ, ಅಷ್ಟೆಯ." "ಆಕ್ಸಿಜನ್ ಎಷ್ಟಿದೆ?" ಎಂದರೆ "ನಮಗೆ ಆಕ್ಸಿಜನ್ನು ಕೊಟ್ಟೇ ಇಲ್ವಲ್ಲಾ ಸಾ." ಬೆರಳಿಗೆ ಸಿಕ್ಕಿಸುವ ಚಿಕ್ಕ ಯಂತ್ರದಲ್ಲಿ ಎರಡು ಸಂಖ್ಯೆ ಬರುತ್ತವೆ, ಒಂದು ಆಕ್ಸಿಜನ್, ಇನ್ನೊಂದು ನಾಡಿ, ಎಂದು ಎಷ್ಟು ಸಲ ಹೇಳಿದರೂ ಒಬ್ಬ "ನೂರಾ ಹನ್ನೆರಡು ಸಾ, ಭಾರಿ ಚೆನ್ನಾಗೈತೆ" ಎಂದು ನಾಡಿಯನ್ನೇ ಓದಿದ್ದ. ಹೋದ ವಾರ ಈಶ್ವರಯ್ಯ ಎಂಬ ಮುದುಕ ಯಂತ್ರವನ್ನು ತಲೆಕೆಳಗಾಗಿ ಹಿಡಿದು ತೊಂಬತ್ತೆಂಟನ್ನು ಎಂಬತ್ತಾರು ಎಂದು ಓದಿಬಿಟ್ಟ. ನಟರಾಜು ಗಾಬರಿಯಿಂದ ಆಂಬುಲೆನ್ಸ್ ಕಳಿಸಿದ. ಅದು ಹೋದಾಗ ಮುದುಕ ಜಗುಲಿಯ ಮೇಲೆ ಕೂತು ಮುದ್ದೆ ಮುರಿಯುತ್ತಿದ್ದನಂತೆ. ಆ ಕೋಣೆಯ ಉಸ್ತುವಾರಿ ಹೊತ್ತ ಡಾಕ್ಟರ್ ರಜನೀಶ್ ಎಲ್ಲರೆದುರಿಗೆ ಕೇಳಿದ್ದರು: "ಏನ್ ಮೇಷ್ಟ್ರೇ, ಸಂಖ್ಯೆ ಓದೋದನ್ನೂ ನಾನೇ ಹೇಳಿಕೊಡಬೇಕಾ?" ಉಳಿದ ಏಳು ಮೇಷ್ಟರು ಮುಖಗವಸಿನೊಳಗೆ ನಕ್ಕರೋ ಇಲ್ಲವೋ ಗೊತ್ತಾಗಲಿಲ್ಲ. ಮುಖಗವಸಿನ ದೊಡ್ಡ ಕೇಡು ಅದೇ. ನಕ್ಕರು ಎಂದೇ ಇಟ್ಟುಕೊಳ್ಳಬೇಕಾಗುತ್ತದೆ.

ಪಟ್ಟಿಯ ಮೂವತ್ತೇಳನೆಯ ಹೆಸರು ದೇವರಾಜು. ಅರವತ್ತಾರು ವರ್ಷ. ಕೊಣನೂರಿನಾಚೆ ಹೊಳೆ ದಂಡೆಯ ಊರು. ಅದೇ ಊರಿನ ಕೇರಿಯಲ್ಲಿ ನಟರಾಜು ಹುಟ್ಟಿದ್ದು. ಹೊಗೆಸೊಪ್ಪು ಬೇಯಿಸಿ ಹದ ಮಾಡುವ ದೇವರಾಜುವಿನ ಬ್ಯಾರನ್ನಿಗೆ ನಟರಾಜುವಿನ ಅಪ್ಪ ಬೋರಪ್ಪ ಮೂವತ್ತು ವರ್ಷ ಸೌದೆ ಒಟ್ಟಿದ್ದ. ಅರವತ್ತು ದಾಟಿದ ರೋಗಿಗಳನ್ನು ಆದಷ್ಟು ಮಟ್ಟಿಗೆ ಮನೆಯಲ್ಲಿ ಬಿಡಬಾರದೆಂದು ಆದೇಶವಿತ್ತು. ತಾಲ್ಲೂಕಿನಲ್ಲಿ ಹಾಸ್ಟೆಲ್ಲೊಂದನ್ನು ಕೋವಿಡ್ ಕೇಂದ್ರ ಮಾಡಿದ್ದರು. "ಆ ಆಸ್ಟೆಲ್ಲಾ? ಅಲ್ಲಿ ನಾನು ಮಲಿಕ್ಕಳದಾ?" ಎಂದು ಕೇಳಿ ದೇವರಾಜು ಯಾರು ಯಾರಿಗೋ ಫೋನ್ ಮಾಡಿಸಿ ಮನೆಯಲ್ಲೇ ಉಳಿದಿದ್ದ. ಆ ಹಾಸ್ಟೆಲ್ಲಿನಲ್ಲಿ ನಟರಾಜು ಐದು ವರ್ಷ ಮಲಗಿದ್ದ, ಅಲ್ಲಿನ ಸಾರು ಉಂಡು ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದ. ಆ ಮಾತು ಕಿವಿಗೆ ಬಿದ್ದಾಗ ಅವನು ಹೆಸರಿನ ಮುಂದೆ ಮನೆ ಎಂದು ಬರೆದಿದ್ದ ಅಷ್ಟೆ. ದಿನಾ ಫೋನ್ ಎತ್ತುತ್ತಿದ್ದವರು ದೇವರಾಜುವಿನ ಹೆಂಡತಿ ಅನಸೂಯಮ್ಮ. "ತೊಂಬತ್ತೆಂಟು ಕಣಪ್ಪ" ಎನ್ನುತ್ತಿದ್ದರು, ಪ್ರಶ್ನೆ ಮುಗಿಯುವುದರೊಳಗೆ. ಐದು ದಿನವೂ ತೊಂಬತ್ತೆಂಟು. ಅರವತ್ತಾರು ವರ್ಷದ, ನಲವತ್ತು ವರ್ಷ ಬೀಡಿ ಎಳೆದ, ಜ್ವರ ಬಿಡದ ಮನುಷ್ಯನ ಆಕ್ಸಿಜನ್ ಗೋಡೆಗೆ ಹೊಡೆದ ಮೊಳೆಯ ಹಾಗೆ ಒಂದೇ ಕಡೆ ನಿಲ್ಲುವುದಿಲ್ಲವೆಂದು ವಿಜ್ಞಾನದ ಮೇಷ್ಟರಿಗೆ ಗೊತ್ತಿರಬೇಕಿತ್ತು. ಗೊತ್ತಿತ್ತು. ಬರೆದುಕೊಂಡಿದ್ದ.

ನಿನ್ನೆ, ಮಂಗಳವಾರ, ಫೋನ್ ಎತ್ತಿದ್ದು ದೇವರಾಜುವೇ.

"ಯಾರು?"

"ಅರಕಲಗೂಡಿನಿಂದ, ಕೋವಿಡ್ ವಿಚಾರಣೆಗೆ."

"ಯಾರಲಾ... ಬೋರನ... ಮಗನಾ?"

ಮೂರು ಮಾತು, ಎರಡು ಕಡೆ ಉಸಿರಿಗೆ ನಿಂತು. ನಟರಾಜು ಪೆನ್ನು ಹಿಡಿದು ಕಾದ. "ನನ್ ಮನೆಗೆ... ನೀನು ಫೋನ್ ಮಾಡಿ... ಇಚಾರ್ಸಂಗಾಯ್ತಾ. ನಂಗೇನೂ... ಆಗಿಲ್ಲ. ಮಡಗು." ಅತ್ತ ಕಡೆ ಫೋನ್ ಇಟ್ಟ ಮೇಲೂ ನಟರಾಜು ಸ್ವಲ್ಪ ಹೊತ್ತು ಕಿವಿಗೆ ಹಿಡಿದೇ ಇದ್ದ. ಆಮೇಲೆ ಉಸಿರಾಟದ ತೊಂದರೆ ಎಂಬಲ್ಲಿ ಇಲ್ಲ ಎಂದು ಬರೆದ. ಆಕ್ಸಿಜನ್ ಎಂಬಲ್ಲಿ ತೊಂಬತ್ತೆಂಟು ಎಂದು ಬರೆದ. ಮೂವತ್ತೆಂಟನೆಯ ಹೆಸರಿಗೆ ಫೋನ್ ಮಾಡಿದ.

ರಾತ್ರಿಯೆಲ್ಲ ಅವನು ತನಗೆ ತಾನೇ ಹೇಳಿಕೊಂಡಿದ್ದು: ಸುಸ್ತಾಗಿತ್ತು. ಸಂಖ್ಯೆ ಕಡಿಮೆ ಬರೆದರೆ ಡಾಕ್ಟರಿಗೆ ಹೇಳಬೇಕು, ಯಂತ್ರ ಸರಿಯಾಗಿ ಹಿಡಿದಿದ್ದರಾ ಎಂದು ಮತ್ತೆ ಎಲ್ಲರೆದುರಿಗೆ ಕೇಳಿಸಿಕೊಳ್ಳಬೇಕು. ಇದು ನಿಜ. ಆದರೆ ಇಷ್ಟೇ ನಿಜವೋ? ಬೋರನ ಮಗನಾ ಎಂಬ ಮಾತಿಗೂ ಆ ತೊಂಬತ್ತೆಂಟಕ್ಕೂ ನಡುವೆ ಏನೋ ಒಂದು ಕ್ಷಣವಿತ್ತು, ಆ ಕ್ಷಣದಲ್ಲಿ ತಾನು ಏನು ಬಯಸಿದೆ ಎಂದು ಅವನು ನೋಡಲು ಹೋದಷ್ಟೂ ಅದು ಹಿಂದೆ ಹಿಂದೆ ಸರಿಯಿತು. ನಲವತ್ತಾರು ವರ್ಷದ ಮನುಷ್ಯ, ಇಬ್ಬರು ಮಕ್ಕಳ ತಂದೆ, ಒಂದು ಸಂಖ್ಯೆ ಬರೆದದ್ದು ಸುಸ್ತಿಗೋ ಸೇಡಿಗೋ ಎಂದು ಹೇಳಲಾರದೆ ಬೆಳಗಿನ ತನಕ ಹೊರಳಾಡಿದ್ದ.

ಬುಧವಾರ ಕೋಣೆಗೆ ಬಂದವನು ಮೊದಲ ಮೂವತ್ತಾರು ಹೆಸರು ಬಿಟ್ಟು ನೇರ ಮೂವತ್ತೇಳಕ್ಕೆ ಫೋನ್ ಮಾಡಿದ. ಮೂರು ಸಲ ಬುದ್ಧಿ ಹೇಳುವ ಹೆಂಗಸೇ ಮಾತಾಡಿದಳು, ಮನೆಯವರು ಎತ್ತಲಿಲ್ಲ. ಅವನು ರಜನೀಶರ ಹತ್ತಿರ ಹೋದ. ಅವರಿಗೆ ಮೂವತ್ತು ದಾಟಿರಲಿಲ್ಲ. ಮೂರು ವಾರದಿಂದ ಮನೆಗೆ ಹೋಗಿರಲಿಲ್ಲ. ಕಣ್ಣ ಕೆಳಗೆ ಮುಖಗವಸಿನ ಅಂಚು ಗೆರೆ ಕೊರೆದಿತ್ತು.

"ಮೂವತ್ತೇಳನೇದು ಒಂದು ಸ್ವಲ್ಪ ಅನುಮಾನ ಇದೆ ಸಾರ್. ಗಾಡಿ ಕಳಿಸಬಹುದಾ?"

ರಜನೀಶ್ ಕಂಪ್ಯೂಟರ್ ನೋಡಿದರು. "ನಿನ್ನೆ ತೊಂಬತ್ತೆಂಟು. ಉಸಿರಾಟದ ತೊಂದರೆ ಇಲ್ಲ. ನೀವೇ ಬರೆದಿದ್ದೀರಿ. ಇನ್ನೇನು ಅನುಮಾನ?"

ಈಗ ಹೇಳಬಹುದಿತ್ತು. ನಾಲಿಗೆಯ ತುದಿಯಲ್ಲೇ ಇತ್ತು. "ಇವತ್ತು ಫೋನ್ ಎತ್ತುತ್ತಿಲ್ಲ" ಎಂದ ನಟರಾಜು.

"ಮೇಷ್ಟ್ರೇ, ಇಡೀ ತಾಲ್ಲೂಕಿಗೆ ಇರೋ ಗಾಡಿ ಮೂರು. ಒಂದು ಹಾಸನಕ್ಕೆ ಹೋಗಿದೆ. ಫೋನ್ ಎತ್ತದವರ ಮನೆಗೆಲ್ಲ ಕಳಿಸೋಕೆ ಹೋದರೆ ಉಸಿರು ಕಟ್ಟಿದವರಿಗೆ ಏನು ಕಳಿಸ್ಲಿ? ನನಗೆ ಒಂದು ಸಂಖ್ಯೆ ಕೊಡಿ. ಸರಿಯಾದ ಸಂಖ್ಯೆ. ಕೊಟ್ಟ ತಕ್ಷಣ ಕಳಿಸ್ತೀನಿ."

ಹಾಗಾಗಿ ಅವನು ಬೈಕ್ ಹತ್ತಿದ. ಬ್ಯಾಗಿನಲ್ಲಿ ಇನ್ನೊಂದು ಯಂತ್ರ, ಒಂದು ಬಾಟಲಿ ಸ್ಯಾನಿಟೈಸರ್, ಎರಡು ಮುಖಗವಸು. ಕೊಣನೂರಿನ ದಾರಿಯಲ್ಲಿ ಪೊಲೀಸರು ಅಡ್ಡ ಹಾಕಿದರು. ಗುರುತಿನ ಚೀಟಿ ತೋರಿಸಿದ. ಪೇದೆ ಚೀಟಿಯ ಫೋಟೋ ನೋಡಿ "ಮುಖ ತೋರ್ಸಿ" ಎಂದ. ನಟರಾಜು ಮುಖಗವಸು ತೆಗೆದ. "ಮಾಸ್ಕ್ ಯಾಕ್ರೀ ತೆಗುದ್ರಿ? ಓದಿದೋರೇ ಇಂಗಾದ್ರೆ!" ಎಂದು ಅದೇ ಪೇದೆ ರೇಗಿದ. ಮತ್ತೆ ಹಾಕಿಕೊಂಡ. ಹಿಂದೆ ನಿಂತಿದ್ದ ಹಾಲಿನ ಗಾಡಿಯವನು ಹಾರನ್ನು ಬಡಿದ. ಸಂತೆಮಾಳ ಬಿಕೋ ಎನ್ನುತ್ತಿತ್ತು, ಬಸ್ಸಿಲ್ಲದ ಬಸ್ ಸ್ಟ್ಯಾಂಡಿನಲ್ಲಿ ಎರಡು ಎಮ್ಮೆ ಮಲಗಿದ್ದವು. ಇಡೀ ಲೋಕ ಉಸಿರು ಹಿಡಿದು ಕೂತಿರುವಾಗ ಒಬ್ಬ ಮನುಷ್ಯನ ಉಸಿರಿಗಾಗಿ ತಾನು ಹೀಗೆ ಬೆವರು ಸುರಿಸುತ್ತ ಹೋಗುತ್ತಿರುವುದು ಅವನಿಗೆ ಹೆಮ್ಮೆ ತರಲಿಲ್ಲ, ರೇಗಿಸಿತು. ಆ ಮನುಷ್ಯ ಹಾಸ್ಟೆಲ್ಲಿಗೆ ಹೋಗಿದ್ದರೆ ಇದ್ಯಾವುದೂ ಇರಲಿಲ್ಲ. ಆ ಹೆಂಗಸು ನಿಜ ಹೇಳಿದ್ದರೆ ಇರಲಿಲ್ಲ. ತಾನು... ಅಲ್ಲಿಗೆ ಯೋಚನೆ ಹೋದಾಗಲೆಲ್ಲ ಅವನು ಬೈಕಿನ ವೇಗ ಹೆಚ್ಚಿಸಿದ.

ಅನಸೂಯಮ್ಮ ಹೊಸ್ತಿಲಲ್ಲೇ ಕೂತಿದ್ದರು, ಸೆರಗನ್ನು ಮೂಗಿನ ಮೇಲೆ ಎಳೆದುಕೊಂಡು. ಅವರಿಗೆ ನೆಗೆಟಿವ್ ಬಂದಿತ್ತು. ಬೈಕ್ ನಿಂತದ್ದು ನೋಡಿ ಎದ್ದವರು, ಇಳಿದವನು ಯಾರೆಂದು ತಿಳಿದ ಮೇಲೆ ಮತ್ತೆ ಕೂರಲೂ ಆಗದೆ ನಿಲ್ಲಲೂ ಆಗದೆ ಬಾಗಿಲ ಚೌಕಟ್ಟು ಹಿಡಿದರು. "ತೊಂಬತ್ತೆಂಟೇ ಐತೆ ಕಣಪ್ಪ" ಎಂದರು, ಅವನು ಇನ್ನೂ ಏನೂ ಕೇಳದೆ ಇರುವಾಗ. ಒಳಗಿನ ಮಂಚದಿಂದ ಅದೇ ಉಸಿರು ಕೇಳಿಸಿತು. ಫೋನಿನಲ್ಲಿ ಕೇಳಿದ್ದಕ್ಕಿಂತ ಜೋರಾಗಿ, ಅವಸರವಾಗಿ.

"ಯಾರು?"

"ನಟರಾಜು ಬಂದವ್ನೆ, ಅರಕಲಗೂಡಿಂದ."

"ಅಲ್ಲೇ... ನಿಂತ್ಕಳಕೇಳು. ನಂಗೆ... ಕಾಯ್ಲೆ ಐತೆ."

ನಟರಾಜು ಜಗುಲಿಯ ಕೆಳಗೆ ನಿಂತಿದ್ದ. ನಿಂತ ಮೇಲೆ ಗಮನಿಸಿದ, ಯಾರೂ ಹೇಳುವ ಮೊದಲೇ ಕಾಲು ಅಲ್ಲಿಯೇ ನಿಂತಿತ್ತು. ಒಂಬತ್ತು ವರ್ಷದವನಿದ್ದಾಗ ಅಪ್ಪನಿಗೆ ಬುತ್ತಿ ತಂದು ಇದೇ ಕಲ್ಲಿನ ಪಕ್ಕ ನಿಂತಿದ್ದ. ದೇವರಾಜು ಒಳಗಿನಿಂದ ಬೆಲ್ಲದ ಚೂರು ತಂದು, ಬೊಗಸೆಗೆ ಮೇಲಿನಿಂದ ಬಿಟ್ಟಿದ್ದ. ಅದು ಬೆರಳ ಸಂದಿಯಿಂದ ಜಾರಿ ಮಣ್ಣಿಗೆ ಬಿತ್ತು. ಎತ್ತಿ ಊದಿಕೊಂಡು ತಿಂದಿದ್ದ, ಸಿಹಿಯಾಗಿಯೇ ಇತ್ತು. ಈಗ ಆರು ಅಡಿ ದೂರವಿರಿ ಎಂದು ಸರ್ಕಾರವೇ ಹೇಳುತ್ತದೆ, ದಿನಕ್ಕೆ ನಲವತ್ತು ಸಲ ಅವನ ಕಿವಿಯಲ್ಲೇ ಹೇಳುತ್ತದೆ. ಅಲ್ಲೇ ನಿಂತುಕೊ ಎಂದ ಮುದುಕ ತನ್ನ ಕಾಯಿಲೆಯಿಂದ ಇವನನ್ನು ಕಾಪಾಡುತ್ತಿದ್ದಾನೋ, ಇವನಿಂದ ತನ್ನ ಮನೆಯನ್ನು ಕಾಪಾಡುತ್ತಿದ್ದಾನೋ ತಿಳಿಯುವ ದಾರಿಯಿರಲಿಲ್ಲ. ಎರಡಕ್ಕೂ ಮಾತು ಒಂದೇ. ತನ್ನ ಕಾಲಿಗೂ ಅಲ್ಲಿ ನಿಲ್ಲುವುದೇ ಅನುಕೂಲವಾಗಿತ್ತು ಎಂಬುದು ಇನ್ನೂ ಕಿರಿಕಿರಿ.

"ಅಮ್ಮಾ, ಯಂತ್ರ ಅವರ ಬೆರಳಿಗೆ ಹಾಕಿ. ನನ್ನ ಕಣ್ಮುಂದೆ."

"ಬೆಳಗ್ಗೆ ಆಕಿದ್ದೆ ಕಣಪ್ಪ."

"ಈಗ ಹಾಕಿ."

"ಅವರು ಆಕಿಸ್ಕಳಲ್ಲ. ಕೆಂಪು ಬೆಳಕು ಬತ್ತದೆ, ನೆತ್ತರು ಈರ್ತದೆ ಅಂತಾರೆ."

"ಇಷ್ಟು ದಿನ ಹೆಂಗೆ ಹಾಕಿಸ್ಕೊಂಡ್ರು ಮತ್ತೆ?"

ಅನಸೂಯಮ್ಮ ಚೌಕಟ್ಟಿನ ಮೇಲಿದ್ದ ತಮ್ಮ ಬೆರಳನ್ನು ಮಡಿಸಿಕೊಂಡರು. ಅಷ್ಟರಲ್ಲಿ ಅವನಿಗೆ ಗೊತ್ತಾಗಿ ಹೋಯಿತು, ಆರೋಗ್ಯವಾಗಿರುವ ಒಂದು ಹೆಂಗಸಿನ ತೊಂಬತ್ತೆಂಟನ್ನು ತಾನು ಐದು ದಿನ ಒಬ್ಬ ರೋಗಿಯ ಹೆಸರಿನ ಮುಂದೆ ಬರೆದಿದ್ದೆನೆಂದು. ಅವನು ಎರಡನೆಯ ಮುಖಗವಸು ಹಾಕಿಕೊಂಡು ಜಗುಲಿ ಹತ್ತಿದ, ಹೊಸ್ತಿಲು ದಾಟಿದ. ಹುಟ್ಟಿದಾಗಿನಿಂದ ದಾಟದ ಹೊಸ್ತಿಲು. ಏನೋ ಆಗಬೇಕು ಎಂದು ದೇಹ ಕಾದಿತ್ತೆಂದು ಕಾಣುತ್ತದೆ. ಆದದ್ದು ಇಷ್ಟೇ, ಒಳಗೆ ನೀಲಗಿರಿ ಎಣ್ಣೆಯ, ಕಷಾಯದ, ಮೂತ್ರದ ವಾಸನೆ.

ದೇವರಾಜು ದಿಂಬಿಗೆ ಒರಗಿ ಕೂತಿದ್ದ. ಕತ್ತಿನ ನರ ಉಸಿರುಸಿರಿಗೂ ಸೆಟೆದುಕೊಳ್ಳುತ್ತಿತ್ತು. ಆದರೂ ಮುಖದಲ್ಲಿ ಗಾಬರಿಯಿಲ್ಲ, ಬಂದವನು ಯಾಕೆ ಬಂದ ಎಂಬ ಅಸಮಾಧಾನ ಮಾತ್ರ. ಈ ರೋಗದ ಮೋಸವೇ ಅದು, ಒಳಗೆ ಆಕ್ಸಿಜನ್ ಇಳಿಯುತ್ತಿದ್ದರೂ ರೋಗಿಗೆ ತಾನು ಚೆನ್ನಾಗಿದ್ದೇನೆ ಎನ್ನಿಸುತ್ತದೆ ಎಂದು ರಜನೀಶ್ ಮೊದಲ ದಿನವೇ ಹೇಳಿದ್ದರು. ನಟರಾಜು ಕೈ ಚಾಚಿದ. "ಬೆರಳು ಕೊಡಿ." ಮುದುಕ ಕೊಡಲಿಲ್ಲ. ಹೇಗೆ ಕರೆಯಬೇಕು ಎಂಬುದು ಕೂಡ ಈ ಆರು ದಿನ ಇತ್ಯರ್ಥವಾಗಿರಲಿಲ್ಲ. ಅಪ್ಪ ಬುದ್ದೀ ಎನ್ನುತ್ತಿದ್ದ. ಊರು ಗೌಡ್ರೇ ಎನ್ನುತ್ತಿತ್ತು. ಇವನು ಯಾವುದನ್ನೂ ಕರೆಯದೆ ಪ್ರಶ್ನೆಗಳನ್ನಷ್ಟೇ ಓದುತ್ತಿದ್ದ. ಈಗಲೂ ಏನೂ ಕರೆಯಲಿಲ್ಲ. ಕೈಯನ್ನು ಹಿಡಿದೇ ತೆಗೆದುಕೊಂಡ. ಹೊಗೆಸೊಪ್ಪಿನ ಕರೆ ಕೂತ ಉಗುರುಗಳು, ಐಸಿನಷ್ಟು ತಣ್ಣಗೆ. ಆ ಮನೆಯಲ್ಲಿದ್ದ ಯಂತ್ರ ಹಾಕಿದರೆ ಗೆರೆ ಮಾತ್ರ ಬಂತು, ಸಂಖ್ಯೆ ಬರಲಿಲ್ಲ. ತಣ್ಣನೆಯ ಬೆರಳಿಗೆ ಅದು ಬರುವುದಿಲ್ಲ, ಬಿಸಿ ಮಾಡಬೇಕು. ಆ ಕೈಯನ್ನು ತನ್ನ ಎರಡು ಅಂಗೈಯ ನಡುವೆ ಇಟ್ಟುಕೊಂಡು ನಟರಾಜು ತಿಕ್ಕತೊಡಗಿದ. ದೇವರಾಜು ಬೇರೆ ಕಡೆ ನೋಡುತ್ತಿದ್ದ, ತನ್ನದಲ್ಲದ ಕೈಯನ್ನು ಯಾರೋ ತಿಕ್ಕುತ್ತಿರುವ ಹಾಗೆ. ನಟರಾಜು ಕೂಡ ಬೇರೆ ಕಡೆ ನೋಡುತ್ತಿದ್ದ.

ಎಪ್ಪತ್ತೊಂಬತ್ತು.

ಅವನು ಯಂತ್ರವನ್ನು ತಿರುಗಿಸಿ ನೋಡಿದ, ಇನ್ನೊಂದು ಬೆರಳಿಗೆ ಹಾಕಿದ, ತಾನು ತಂದಿದ್ದ ಯಂತ್ರವನ್ನೂ ಹಾಕಿದ. ಎಪ್ಪತ್ತೊಂಬತ್ತು, ಎಂಬತ್ತು, ಎಪ್ಪತ್ತೊಂಬತ್ತು. ರಜನೀಶರಿಗೆ ಫೋನ್ ಮಾಡಿದ. ಅವರು ಹೇಳಿದ್ದು: "ಬೋರಲು ಮಲಗಿಸಿ. ಎದೆ ಕೆಳಗೆ ದಿಂಬು, ಸೊಂಟದ ಕೆಳಗೆ ಒಂದು. ಮುಖ ಒಂದು ಪಕ್ಕಕ್ಕೆ. ಏಳೋಕೆ, ಬಚ್ಚಲಿಗೆ ನಡೆಯೋಕೆ ಬಿಡಬೇಡಿ. ಹೊಳೆನರಸೀಪುರದ ಕಡೆಯಿಂದ ಒಂದು ಗಾಡಿ ಕಳಿಸ್ತೀನಿ, ಒಂದೂವರೆ ಗಂಟೆ ಆಗಬಹುದು."

"ಬೋರ್ಲಾ?" ಎಂದ ದೇವರಾಜು. "ಎಣ ಮಲಗ್ಸಂಗೆ?"

"ಹೆಣ ಅಂಗಾತ ಮಲಗ್ಸೋದು" ಎಂದ ನಟರಾಜು. ಬಾಯಿಂದ ಬಂದುಬಿಟ್ಟಿತು. "ಶ್ವಾಸಕೋಶದ ಜಾಸ್ತಿ ಭಾಗ ಬೆನ್ನಿನ ಕಡೆ ಇರೋದು. ಬೋರಲಾದ್ರೆ ಅದು ಬಿಚ್ಕೊಳ್ಳುತ್ತೆ. ಹೊರಳಿ."

ಮುದುಕ ಹೊರಳಿದ. ಭಾರವಾಗಿದ್ದ, ನಟರಾಜು ತೋಳಿನ ಕೆಳಗೆ ಕೈ ಹಾಕಿ ಎಳೆದು ದಿಂಬು ತುರುಕಿದ. ಹತ್ತು ನಿಮಿಷಕ್ಕೆ ಎಂಬತ್ತನಾಲ್ಕು, ಇಪ್ಪತ್ತಕ್ಕೆ ಎಂಬತ್ತೇಳು. ತರಗತಿಯಲ್ಲಿ ಪ್ರಯೋಗ ಸರಿಬಂದಾಗ ಆಗುವ ಸಣ್ಣ ಖುಷಿ ಆಯಿತು. ಅದಕ್ಕೆ ನಾಚಿಕೆಯೂ ಆಯಿತು. ಗೋಡೆಯ ಕಡೆ ಮುಖ ಮಾಡಿದ್ದ ದೇವರಾಜು ತುಸು ಹೊತ್ತಾದ ಮೇಲೆ ಹೇಳಿದ: "ನಿಮ್ಮಪ್ಪ... ಒಳ್ಳೆ ಆಳು." ನಟರಾಜು ಜಾರಿದ ದಿಂಬನ್ನು ಸರಿಮಾಡಿದ. "ಆ ಬಾಗ್ಲು... ಮುಂದ್ಮಾಡು. ಯಾರಾದ್ರೂ... ನೋಡ್ಯಾರು." ಏನನ್ನು ನೋಡುತ್ತಾರೆ? ಗೌಡ ಮಗುವಿನ ಹಾಗೆ ಬೋರಲು ಬಿದ್ದಿರುವುದನ್ನೋ, ಪಕ್ಕದಲ್ಲಿ ಯಾರು ಕೂತಿದ್ದಾನೆ ಎಂಬುದನ್ನೋ? ಕೇಳಬೇಕೆನ್ನಿಸಿತು. ಉಸಿರಿಗೆ ಒದ್ದಾಡುವವನನ್ನು ಕೇಳುವುದು ಹೇಗೆ? ಆ ಮನುಷ್ಯನ ಜೊತೆ ಜಗಳವಾಡಲು ಒಂದು ಒಳ್ಳೆಯ ದಿನ ಇಡೀ ಆಯುಷ್ಯದಲ್ಲಿ ಸಿಕ್ಕಿರಲಿಲ್ಲ, ಇವತ್ತೂ ಸಿಗುತ್ತಿಲ್ಲ. "ಗಾಳಿ ಆಡಬೇಕು" ಎಂದು ಹೇಳಿ ಕಿಟಕಿಯನ್ನೂ ತೆರೆದ.

ಅಡುಗೆ ಮನೆಯ ಬಾಗಿಲಲ್ಲಿ ಅನಸೂಯಮ್ಮ ಹಣೆಗೆ ಕೈ ಹೊಡೆದುಕೊಂಡರು. "ನಾನೇ ಕಣಪ್ಪ ಕೊಂದೆ. ನನ್ ಬೆರಳಿಗೇ ಆಕ್ಕಂಡು ಏಳ್ತಿದ್ದೆ. ಕಡ್ಮೆ ಬಂದ್ರೆ ಕರ್ಕಂಡೋಯ್ತಾರೆ, ಕರ್ಕಂಡೋದ್ರೆ ಪ್ಲಾಸ್ಟಿಕ್ ಸುತ್ತಿ ಕೊಡ್ತಾರೆ, ಮೊಖಾನೂ ತೋರ್ಸಲ್ಲ ಅಂದ್ರು. ಅದ್ಕೇಯ." ಆಗಲೇ ಅವರ ಫೋನ್ ಬಡಿದುಕೊಂಡಿತು. ಮಗ ಕಾಂತರಾಜು, ಚನ್ನರಾಯಪಟ್ಟಣದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದವನು. ಅವರು ಗಡಿಬಿಡಿಯಲ್ಲಿ ಸ್ಪೀಕರ್ ಒತ್ತಿದರು.

"ಏನವ್ವ ಇದು? ಆಂಬುಲೆನ್ಸ್ ಬತ್ತೈತೆ ಅಂತಾವ್ರೆ. ಎಪ್ಪತ್ತೊಂಬತ್ತಂತೆ! ಈಗ ಆಫೀಸಿಗೆ ಫೋನ್ ಮಾಡಿ ಕೇಳ್ದೆ, ನೆನ್ನೆ ತೊಂಬತ್ತೆಂಟು ಅಂತ ಬರೆದೈತೆ. ನೆನ್ನೆ ಯಾರು ಏಳಿದ್ದು ತೊಂಬತ್ತೆಂಟು ಅಂತ? ನೀನಾ?"

ಅನಸೂಯಮ್ಮ ಬಾಯಿ ತೆರೆದರು. ನಿನ್ನೆ ಫೋನ್ ಬಂದಾಗ ಅವರು ಹಿತ್ತಿಲಲ್ಲಿದ್ದರು. ಅವರಿಗದು ನೆನಪಿತ್ತೋ ಇಲ್ಲವೋ, ಐದು ದಿನದ ತಪ್ಪಿಗೆ ಆರನೆಯ ದಿನದ್ದನ್ನೂ ಸೇರಿಸಿಕೊಳ್ಳಲು ಆ ಮುಖ ಸಿದ್ಧವಾಗಿತ್ತು. ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಸುಮ್ಮನಿರು ಎಂದು ನಟರಾಜು ತನಗೆ ಹೇಳಿಕೊಂಡದ್ದೂ ಉಂಟು.

"ನಿನ್ನೇದು ಅಮ್ಮ ಹೇಳಿದ್ದಲ್ಲ" ಎಂದ. "ನಾನು ನಟರಾಜು, ಅರಕಲಗೂಡಿನ ಮೇಷ್ಟ್ರು. ನಿನ್ನೆ ನಿಮ್ಮ ತಂದೆಯವರೇ ಮಾತಾಡಿದ್ರು. ಉಸಿರು ಕಟ್ತಿತ್ತು, ನನಗೆ ಕೇಳಿಸ್ತು. ಸಂಖ್ಯೆ ಹೇಳಲಿಲ್ಲ. ತೊಂಬತ್ತೆಂಟು ಅಂತ ನಾನೇ ಬರ್ಕೊಂಡೆ."

ಫೋನಿನಲ್ಲಿ ಅಂಗಡಿಯ ಷಟರ್ ಎಳೆದ ಸದ್ದು ಬಂತು. "ನೀನೇ ಬರ್ಕೊಂಡಾ?" ಎಂದ ಕಾಂತರಾಜು, ನಿಧಾನವಾಗಿ. "ಇರು. ಇರು ನೀನು. ಇದನ್ನೆಲ್ಲಿಗೆ ಮುಟ್ಟಿಸ್ಬೇಕೋ ಅಲ್ಲಿಗೆ ಮುಟ್ಟಿಸ್ತೀನಿ." ಗೋಡೆಯ ಕಡೆ ಮುಖ ಮಾಡಿದ್ದ ದೇವರಾಜು ಅಲುಗಲಿಲ್ಲ. ಕೇಳಿಸಿಕೊಂಡನೆಂಬುದು ಬೆನ್ನಿನಿಂದ ಗೊತ್ತಾಗುತ್ತಿತ್ತು.

ಗಾಡಿ ಬಂದದ್ದು ಮಧ್ಯಾಹ್ನ ಎರಡು ಗಂಟೆಗೆ ಹತ್ತು ನಿಮಿಷ ಇರುವಾಗ. ನೀಲಿ ಬಟ್ಟೆ ತೊಟ್ಟ ಡ್ರೈವರ್ ಒಬ್ಬನೇ ಇದ್ದ. ಸ್ಟ್ರೆಚರಿನ ಇನ್ನೊಂದು ತುದಿ ಹಿಡಿಯಲು ಜನ ಬೇಕಿತ್ತು. ಬೀದಿಯ ಆಚೆ ದಾಯಾದಿಗಳು, ನೆಂಟರು, ದೇವರಾಜುವಿನ ಮಾತಿಗೆ ಎದ್ದು ನಿಲ್ಲುತ್ತಿದ್ದವರು, ಎಲ್ಲರೂ ಮೂಗಿಗೆ ಟವೆಲ್ ಕಟ್ಟಿಕೊಂಡು ದೂರ ನಿಂತಿದ್ದರು. ಒಬ್ಬನೂ ಹತ್ತಿರ ಬರಲಿಲ್ಲ. ಈಗ ಗೊತ್ತಾಯಿತಾ, ದೂರ ನಿಲ್ಲುವುದೆಂದರೆ ಏನೆಂದು? ಆ ಮಾತು ಮನಸ್ಸಿನಲ್ಲಿ ಹಾದುಹೋಯಿತು, ಅದರಲ್ಲೊಂದು ರುಚಿಯಿತ್ತು. ಆ ರುಚಿ ಹೋಗುವ ಮೊದಲೇ ಅವನು ಸ್ಟ್ರೆಚರಿನ ತುದಿ ಹಿಡಿದಿದ್ದ. ಅನಸೂಯಮ್ಮ ಒಂದು ಕಂಬಳಿ ತಂದು ಗಂಡನ ಕಾಲ ಮೇಲೆ ಹಾಕಿದರು. ಹಾಸನದಲ್ಲಿ ಒಂದು ಹಾಸಿಗೆ ಇದೆ ಎಂದು ರಜನೀಶ್ ಮೆಸೇಜು ಕಳಿಸಿದರು.

ರೋಗಿಯನ್ನು ಮುಟ್ಟಿದ್ದರಿಂದ ನಟರಾಜು ಹತ್ತು ದಿನ ಮನೆಯಲ್ಲೇ ಇರಬೇಕಾಯಿತು. ಮುಂದಿನ ಕೋಣೆಯಲ್ಲಿ ಅವನು, ಒಳಗೆ ಹೆಂಡತಿ ಮಕ್ಕಳು. ಊಟದ ತಟ್ಟೆಯನ್ನು ಯಶೋಧರಾ ಬಾಗಿಲಲ್ಲಿಟ್ಟು ಸರಿಯುತ್ತಿದ್ದಳು. ಪಟ್ಟಿಯನ್ನು ಮಾತ್ರ ಬಿಡಲಿಲ್ಲ, ಮನೆಯಿಂದಲೇ ಫೋನ್ ಮಾಡಿ ಎಂದರು. ಐದನೆಯ ದಿನ ನೋಟಿಸ್ ಬಂತು: ರೋಗಿಯ ಆಕ್ಸಿಜನ್ ಮಟ್ಟವನ್ನು ತಪ್ಪಾಗಿ ನಮೂದಿಸಿ ಕರ್ತವ್ಯಲೋಪ ಎಸಗಿದ್ದಕ್ಕೆ ನಿಮ್ಮ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು, ಮೂರು ದಿನದೊಳಗೆ ಕಾರಣ ತಿಳಿಸಿ. ಸಂಜೆ ರಜನೀಶ್ ಫೋನ್ ಮಾಡಿದರು.

"ತಲೆ ಕೆಡಿಸ್ಕೋಬೇಡಿ ಮೇಷ್ಟ್ರೇ. ಎಂಬತ್ತೊಂಬತ್ತು ಅಂತ ಬರೆಯೋಕೆ ಹೋಗಿ ಅಂಕಿ ಹಿಂದುಮುಂದಾಗಿ ತೊಂಬತ್ತೆಂಟು ಆಯ್ತು ಅಂತ ಬರೀರಿ. ಯಾರ್ ಬೇಕಾದ್ರೂ ನಂಬ್ತಾರೆ. ಎಚ್ಚರಿಕೆ ಕೊಟ್ಟು ಬಿಡ್ತಾರೆ."

ಎಷ್ಟು ಸಲೀಸು. ಎಂಟು ಒಂಬತ್ತು ಜಾಗ ಬದಲಿಸಿಕೊಂಡರೆ ಅವನು ಬರೀ ಗಡಿಬಿಡಿಯ ಮನುಷ್ಯನಾಗಿಬಿಡುತ್ತಿದ್ದ. "ಅವರು ಹೇಗಿದ್ದಾರೆ ಸಾರ್?" ಎಂದ. "ಇದ್ದಾರೆ. ಉಸಿರಾಟದ ಯಂತ್ರದ ಮೇಲೆ ಇದ್ದಾರೆ. ಒಂದು ದಿನ ತಡ ಆಗಿದ್ದಕ್ಕೇ ಹಿಂಗಾಯ್ತು ಅಂತ ಹೇಳೋಕಾಗಲ್ಲ. ಆಗಿಲ್ಲ ಅಂತಾನೂ ಹೇಳೋಕಾಗಲ್ಲ." ಇಂಥ ಮಾತನ್ನು ಏನು ಮಾಡಬೇಕು? ಇಟ್ಟುಕೊಳ್ಳಬೇಕೋ, ಬಿಸಾಡಬೇಕೋ?

ಮರುದಿನ ಬೆಳಗ್ಗೆ ಗೇಟಿನ ಮುಂದೆ ಕಾರು ನಿಂತಿತು. ಕಾಂತರಾಜುವಿನ ಹೆಂಡತಿ ಸೌಜನ್ಯ ಓಡಿಸುತ್ತಿದ್ದಳು. ಅನಸೂಯಮ್ಮ ಇಳಿದು ಗೇಟಿನಾಚೆ ನಿಂತರು. ಹಾಸನಕ್ಕೆ ಹೊರಟಿದ್ದರು. ಒಳಗೆ ಬಿಡುವುದಿಲ್ಲ, ಆದರೂ ಆಸ್ಪತ್ರೆಯ ಎದುರಿನ ಮರದ ಕೆಳಗೆ ಕೂರುತ್ತಾರಂತೆ. ನಟರಾಜು ಬಾಗಿಲಲ್ಲಿ ನಿಂತ. ನಡುವೆ ಯಶೋಧರಾ ನೆಟ್ಟ ಕರಿಬೇವಿನ ಗಿಡ.

"ಕಾಂತನಿಗೆ ಏಳಿದ್ದೀನಿ ಕಣಪ್ಪ" ಎಂದರು. "ಮಂಗಳ್ವಾರಾನೂ ನಾನೇ ಏಳಿದ್ದು, ನೀನು ನನ್ನ ಉಳ್ಸಕೆ ಅಂಗಂದೆ ಅಂತ. ಅರ್ಜಿ ವಾಪಸ್ ತಗತಾನೆ. ನಮ್ಮನೆ ತಪ್ಪು ನಮ್ಮನೇಲೇ ಇರ್ಲಿ. ನಿನ್ ಕೆಲ್ಸ ಯಾಕೆ ಆಳ್ಮಾಡ್ಕಂಡೀಯೆ."

"ಮಂಗಳವಾರ ನೀವು ಫೋನ್ ಎತ್ಲೇ ಇಲ್ಲ ಅಮ್ಮಾ."

"ಎತ್ತಿದ್ರೂ ಅದ್ನೇ ಏಳ್ತಿದ್ದೆ. ಎತ್ತಿದ್ದೆ ಅಂತ್ಲೇ ತಿಳ್ಕೊ."

"ಅದು ನಂದು" ಎಂದ ನಟರಾಜು. ದನಿ ಏರಿತ್ತು, ಒಳಗೆ ಪಾತ್ರೆಯ ಸದ್ದು ನಿಂತಿತು. "ನೀವು ಐದು ದಿನ ಮಾಡಿದ್ದು ನಿಮ್ದು. ಆರನೇ ದಿನದ್ದು ನಂದು."

ಅನಸೂಯಮ್ಮ ಅವನನ್ನು ನೋಡಿದರು, ತಮ್ಮ ಜಮೀನಿನಲ್ಲಿ ಪಾಲು ಕೇಳಲು ಬಂದವನನ್ನು ನೋಡುವಂತೆ. ಒಳ್ಳೆಯ ಮನಸ್ಸಿನಿಂದಲೇ ಬಂದಿದ್ದರು, ಅದರಲ್ಲಿ ಅನುಮಾನವಿರಲಿಲ್ಲ. ಅದೇ ತಡೆಯಲಾಗದ ಸಂಕಟ. ಮೂವತ್ತು ವರ್ಷ ಅಪ್ಪನ ಬೆವರನ್ನು ತಮ್ಮದೆಂದುಕೊಂಡವರು, ಈಗ ಕರುಣೆಯಿಂದ ಮಗನ ತಪ್ಪನ್ನೂ ತಮ್ಮದೆನ್ನುತ್ತಿದ್ದಾರೆ. "ನಿಂಗೆ ಒಳ್ಳೇದಾಗ್ಲಿ ಅಂತ ಬಂದೆ ಕಣಪ್ಪ" ಎಂದು ಅವರು ಕಾರು ಹತ್ತಿದರು. ಸೆರಗಿನಿಂದ ಕಣ್ಣೊರೆಸಿಕೊಂಡಿದ್ದು ಗಾಜಿನಲ್ಲಿ ಕಂಡಿತು. ಅವನಿಗೆ ಅದಕ್ಕೂ ರೇಗಿತು, ರೇಗಿದ್ದಕ್ಕೂ ರೇಗಿತು.

ಆ ಮಧ್ಯಾಹ್ನ ಅವನು ಬಿಳಿ ಹಾಳೆ ತೆಗೆದುಕೊಂಡು ಕೂತ. ಮೂರು ಸಲ ಹರಿದ. ಕೊನೆಗೆ ಉಳಿದದ್ದು ನಾಲ್ಕು ಸಾಲು: ಆ ದಿನ ರೋಗಿಯೇ ಮಾತಾಡಿದರು. ಅವರಿಗೆ ಉಸಿರಾಟದ ತೊಂದರೆ ಇರುವುದು ನನಗೆ ತಿಳಿಯಿತು. ಅವರು ಸಂಖ್ಯೆ ಹೇಳಲಿಲ್ಲ. ತೊಂಬತ್ತೆಂಟು ಎಂದು ನಾನೇ ಬರೆದೆ. ಯಶೋಧರಾ ಬಾಗಿಲಾಚೆ ನಿಂತು ಓದಿಸಿಕೊಂಡಳು.

"ಕಾರಣ ಕೇಳವ್ರೆ. ಕಾರಣ ಎಲ್ಲೈತೆ?"

"ಗೊತ್ತಾಗಿದ್ರೆ ಬರೀತಿದ್ದೆ."

"ಎರಡಿಡ್ಲಿ ಐತೆ, ತಿಂತೀರಾ?" ಎಂದಳು. ತಿಂದ.

ಅವನ ಸೇವಾ ಪುಸ್ತಕದಲ್ಲಿ ಒಂದು ಕೆಟ್ಟ ಸಾಲು ಸೇರಿತು; ಅಷ್ಟಕ್ಕೇ ಬಿಟ್ಟರು. ಆ ದಿನಗಳಲ್ಲಿ ಮೇಷ್ಟರುಗಳನ್ನು ತೆಗೆದುಹಾಕಿದರೆ ಫೋನ್ ಮಾಡಲು ಬೇರೆ ಯಾರೂ ಇರಲಿಲ್ಲ. ದೇವರಾಜು ಹತ್ತೊಂಬತ್ತು ದಿನದ ಮೇಲೆ ಮನೆಗೆ ಬಂದ, ಅರ್ಧ ಮನುಷ್ಯನಾಗಿ, ಮೂಗಿನಲ್ಲಿ ಕೊಳವೆ ಇಟ್ಟುಕೊಂಡು. ಜಗುಲಿಯವರೆಗೆ ನಡೆಯುತ್ತಾನೆ ಎಂದು ಊರಿನವರು ಹೇಳಿದರು. ಆ ಮಂಗಳವಾರದ ಬಗ್ಗೆಯಾಗಲಿ ಬುಧವಾರದ ಬಗ್ಗೆಯಾಗಲಿ ಅವನು ಯಾರ ಹತ್ತಿರವೂ ಮಾತೆತ್ತಿದ್ದು ಕೇಳಿಬರಲಿಲ್ಲ. ನಟರಾಜುವೂ ಆ ಕಡೆ ಹೋಗಲಿಲ್ಲ.

ಹಾಳೆಯನ್ನು ಲಕೋಟೆಗೆ ಹಾಕಿದ ಆ ಮಧ್ಯಾಹ್ನ ಪಟ್ಟಿಯಲ್ಲಿ ಇನ್ನೂ ಹನ್ನೊಂದು ಹೆಸರು ಉಳಿದಿದ್ದವು. ಮೊದಲನೆಯದು ಸುಬ್ಬಮ್ಮ, ಎಪ್ಪತ್ತೊಂದು ವರ್ಷ. ಬುದ್ಧಿ ಹೇಳುವ ಹೆಂಗಸು ಬುದ್ಧಿ ಹೇಳಿ ಮುಗಿಸಿದಳು.

"ಆಕ್ಸಿಜನ್ ಎಷ್ಟಿದೆ ಅಜ್ಜಿ?"

"ಚೆನ್ನಾಗೈತೆ ಕಣಪ್ಪ, ಬರ್ಕೊ."

"ಎಷ್ಟು?"

"ನೆನ್ನೆ ಎಷ್ಟಿತ್ತೋ ಅಷ್ಟೇಯ. ಬರ್ಕೊ ಬರ್ಕೊ, ಒಲೆ ಮ್ಯಾಲೆ ಸಾರೈತೆ."

"ಇಲ್ಲ ಅಜ್ಜಿ, ಈಗ ಬೆರಳಿಗೆ ಹಾಕಿ ನೋಡಿ."

"ಆ ಮಿಷನ್ನು ಎಲ್ಲಿ ಮಡಗಿದ್ನೋ ಏನೋ. ನಾಳೀಕೆ ಏಳ್ತೀನಿ."

"ಹುಡುಕಿ."

"ಅಯ್ ಶಿವನೆ, ಇವನೊಬ್ಬ" ಎಂದು ಮುದುಕಿ ಫೋನನ್ನು ಎಲ್ಲೋ ಕುಕ್ಕಿದಳು. ಡಬ್ಬಗಳ ಸದ್ದು, ಕೋಳಿಯ ಸದ್ದು, ಒಮ್ಮೆ ಕೆಮ್ಮು, ಮತ್ತೆ ಡಬ್ಬಗಳು. ಸಾರು ಉಕ್ಕಿ ಒಲೆಗೆ ಬಿದ್ದ ಚೊಂಯ್ ಸದ್ದು, ಅದಕ್ಕೆ ಅವಳ ಬೈಗುಳ. ನಾಲ್ಕು ನಿಮಿಷ ಕಳೆಯಿತು, ಐದಾಯಿತು. ನಟರಾಜುವಿಗೆ ಕಿವಿ ಬಿಸಿಯಾಗಿ, ಕುತ್ತಿಗೆ ಹಿಡಿದುಕೊಂಡು, ಮೈಯೆಲ್ಲ ಕಿರಿಕಿರಿಯಾಗುತ್ತಿತ್ತು. ಫೋನನ್ನು ಇನ್ನೊಂದು ಕಿವಿಗೆ ಬದಲಿಸಿಕೊಂಡ. ಪೆನ್ನಿನ ಮುಚ್ಚಳ ಹಾಕಿ ಪಕ್ಕಕ್ಕಿಟ್ಟ.

"ಇದ್ದೀಯೇನಪ್ಪ ಇನ್ನೂ?" ದೂರದಿಂದ ಕೂಗಿದಳು.

"ಇದ್ದೀನಿ ಅಜ್ಜಿ" ಎಂದ. "ಹುಡುಕಿ, ನಾನು ಕಾಯ್ತೀನಿ."